ಜೆಫ್ ಯುನೈಟೆಡ್‌ನವರೇ, ಈ ಸಲ ಪವಾಡ ಬೇಡ

ಜಪಾನಿನ ಫುಟ್‌ಬಾಲ್ ಕ್ಲಬ್ಬು ಜೆಫ್ ಯುನೈಟೆಡ್ ಚಿಬಾದ ಆಡಳಿತದವರಿಗೆ, ಕೋಚ್ ಕೊಬಾಯಾಶಿ ಅವರಿಗೆ, ಹಳದಿ ಅಂಗಿ ಹಾಕಿಕೊಂಡು ಗೋಲಿನ ಹಿಂದೆ ನಿಂತು ಗಂಟಲು ಹರಿದುಕೊಳ್ಳುವ ನನ್ನ ಬಳಗದವರಿಗೆ,

ನಮಸ್ಕಾರ.

ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಜಪಾನೀಸ್‌ನಲ್ಲಿ ಪತ್ರ ಬರೆಯೋಕೆ ಕೂತರೆ ಮೊದಲ ಮೂರು ಸಾಲು ಚಳಿ ಎಷ್ಟಿದೆ ಅನ್ನೋದರಲ್ಲೇ ಹೋಗುತ್ತದೆ. ಆಮೇಲಿನ ಮೂರು ಸಾಲು ಕ್ಷಮೆ ಕೇಳೋದರಲ್ಲಿ. ಅಷ್ಟು ಹೊತ್ತಿಗೆ ಸಿಟ್ಟೆಲ್ಲ ಇಳಿದುಹೋಗಿ, ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಪ್ರೀತಿಯವರನ್ನು ಬೈಯೋಕೆ ಅಮ್ಮ ಕಲಿಸಿದ ಭಾಷೆಯೇ ಆಗಬೇಕು. ಗೆಳೆಯನೊಬ್ಬ ಇದನ್ನು ಜಪಾನೀಸ್‌ಗೆ ಮಾಡಿಕೊಡುತ್ತೇನೆ ಅಂದಿದ್ದಾನೆ. ಅವನು ಅಲ್ಲಲ್ಲಿ ಉಪ್ಪು ಖಾರ ಕಮ್ಮಿ ಮಾಡಿದರೆ ಅದು ಅವನ ಪಾಪ.

ನಾನು 2007ರಲ್ಲಿ ಎರಡು ವರ್ಷದ ಪ್ರಾಜೆಕ್ಟ್ ಅಂತ ಚಿಬಾಕ್ಕೆ ಬಂದವನು. ಪ್ರಾಜೆಕ್ಟ್ ಯಾವಾಗಲೋ ಮುಗಿಯಿತು, ನಾನು ಹೋಗಲಿಲ್ಲ. ಆಫೀಸಿನವರೊಬ್ಬರು ಬರೋಕಾಗಲ್ಲ ಅಂತ ಕೊಟ್ಟ ಒಂದು ಟಿಕೆಟ್‌ನಿಂದ ನಿಮ್ಮ ಕ್ಲಬ್ಬು ನನ್ನ ಕುತ್ತಿಗೆಗೆ ಬಿತ್ತು. ಬಣ್ಣ ನೋಡಿಯೇ ಅರ್ಧ ಸೋತುಹೋಗಿದ್ದೆ, ನಿಜ ಹೇಳಬೇಕಂದ್ರೆ. ಹಳದಿ, ಕೆಂಪು, ನಡುವೆ ಒಂದಿಷ್ಟು ಹಸಿರು. ಆ ಮಫ್ಲರ್ ಹಾಕಿಕೊಂಡ ಫೋಟೊ ಊರಿಗೆ ಕಳಿಸಿದಾಗ ಅಮ್ಮ, "ಅಲ್ಲೂ ರಾಜ್ಯೋತ್ಸವ ಮಾಡ್ತಾರೇನೋ?" ಅಂತ ಕೇಳಿದ್ದಳು.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು, 2025ರ ಡಿಸೆಂಬರ್ 13ರಂದು, ನಮ್ಮ ಸ್ಟೇಡಿಯಮ್ಮು ಫುಕುಆರಿಯಲ್ಲಿ ನಾವು ಪ್ಲೇ ಆಫ್ ಫೈನಲ್‌ನಲ್ಲಿ ತೊಕುಶಿಮಾವನ್ನು 1-0ರಿಂದ ಸೋಲಿಸಿ ಮತ್ತೆ ಜಪಾನಿನ ಮೊದಲ ದರ್ಜೆಯ ಲೀಗು ಜೆ1ಗೆ ಹತ್ತಿದೆವು. 17 ವರ್ಷ ಆಯಿತು. ಅಳಬಾರದು ಅಂದುಕೊಂಡೇ ಹೋಗಿದ್ದೆ, ಅತ್ತೆ. ಪಕ್ಕದಲ್ಲಿದ್ದವರು ಯಾರೋ ಏನೋ, ಅವರ ಹೆಗಲ ಮೇಲೇ ಅತ್ತೆ. ಅಲ್ಲಿಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ವರ್ಷ ಮುಗಿಯುವ ಹೊತ್ತಿಗೆ ನಮ್ಮ ಗ್ಯಾಲರಿಯವರೇ ಒಂದಿಷ್ಟು ಜನ ಸೇರಿ ಊಟಕ್ಕೆ ಹೋಗಿದ್ದೆವು. ಜೆ1ರಲ್ಲಿ ಉಳಿಯುತ್ತೇವಾ ಅಂತ ಮಾತು ಬಂತು. ಆಗ ಒಬ್ಬರು ಬಿಯರ್ ಗ್ಲಾಸು ಎತ್ತಿ, "ಚಿಂತೆ ಯಾಕೆ, ನಮಗೆ ಕೊನೇ ಹನ್ನೊಂದು ನಿಮಿಷ ಸಾಕು" ಅಂದರು. ಎಲ್ಲರೂ ಹೋ ಅಂತ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಮಲಗಿದರೆ ನಿದ್ದೆ ಬರಲಿಲ್ಲ.

ಯಾಕಂದ್ರೆ ಆ ಹನ್ನೊಂದು ನಿಮಿಷಕ್ಕೆ ನಾನೂ ಸಾಕ್ಷಿ. ಅರ್ಧ ಸಾಕ್ಷಿ ಅನ್ನಿ.

2008ರ ಡಿಸೆಂಬರ್ 6. ಲೀಗಿನ ಕೊನೇ ದಿನ. 18 ತಂಡಗಳಲ್ಲಿ ನಾವು 17ನೇ ಸ್ಥಾನದಲ್ಲಿದ್ದೆವು, 35 ಪಾಯಿಂಟು. ಮೇಲೆ ಇವಾಟಾ ಮತ್ತು ಟೋಕಿಯೊ ವರ್ಡಿ, ಇಬ್ಬರಿಗೂ 37. ಕೊನೆಯ ಎರಡು ತಂಡ ನೇರವಾಗಿ ಕೆಳಗೆ, 16ನೆಯವರಿಗೆ ಎರಡನೇ ದರ್ಜೆಯ ಲೀಗು ಜೆ2ರ ಮೂರನೆಯವರ ಜೊತೆ ಪ್ಲೇ ಆಫ್. ನೇರವಾಗಿ ಉಳಿಯಬೇಕಂದ್ರೆ ನಾವು ಗೆಲ್ಲಲೇಬೇಕು, ಜೊತೆಗೆ ಅವರಿಬ್ಬರೂ ಸೋಲಬೇಕು. ಎದುರಿಗೆ ಎಫ್‌ಸಿ ಟೋಕಿಯೊ. ಮೊದಲರ್ಧದಲ್ಲಿ ಕಬೋರೆ ಒಂದು ಗೋಲು ಹೊಡೆದ. ಎರಡನೆಯ ಅರ್ಧ ಶುರುವಾಗಿ ಎಂಟೇ ನಿಮಿಷಕ್ಕೆ ನಾಗಾತೊಮೊ ಇನ್ನೊಂದು. 0-2.

ಫುಕುಆರಿ ಇರೋದು ಸೋಗಾ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆಯೊಳಗೆ, ಹಿಂದೆ ಉಕ್ಕಿನ ಕಾರ್ಖಾನೆಯ ಜಾಗವಾಗಿದ್ದ ನೆಲದ ಮೇಲೆ. (ಆ ಉಕ್ಕಿನ ಕಂಪನಿಯ ಹೆಸರು ಜೆಎಫ್‌ಇ, ನಮ್ಮ ಕ್ಲಬ್ಬು ಜೆಇಎಫ್. ಬಂದ ಹೊಸದರಲ್ಲಿ ಎರಡೂ ಒಂದೇ ಅಂತ ತಿಳಿದುಕೊಂಡಿದ್ದೆ. ಒಂದೇ ಅಲ್ಲ, ಇದು ಜೆಆರ್ ಈಸ್ಟ್ ರೈಲ್ವೆಯವರದೂ ಫುರುಕಾವಾ ಎಲೆಕ್ಟ್ರಿಕ್‌ನವರದೂ ಕೂಸು.) ಟೋಕಿಯೊ ಕೊಲ್ಲಿಯ ಗಾಳಿ ಮೂಳೆಗೇ ಬಡಿಯುತ್ತದೆ. ಎಪ್ಪತ್ತನೇ ನಿಮಿಷದ ಹೊತ್ತಿಗೆ ನನ್ನ ಕೈ ಮರಗಟ್ಟಿಹೋಗಿತ್ತು. ಪಕ್ಕದ ಸೀಟಿನ ಅಜ್ಜಿ ಮಡಚುವ ಮೊಬೈಲು ತೆರೆದು ಬೇರೆ ಪಂದ್ಯಗಳ ಸ್ಕೋರು ನೋಡುತ್ತಿದ್ದಳು, ಮುಚ್ಚುತ್ತಿದ್ದಳು, ಮತ್ತೆ ತೆರೆಯುತ್ತಿದ್ದಳು. ಆ ಟಪ್ ಟಪ್ ಸದ್ದು ತಡೆಯೋಕಾಗಲಿಲ್ಲ. ಎದ್ದೆ. ಮೆಟ್ಟಿಲಿಳಿದು ಹೋಗಿ ಪಾನೀಯದ ಯಂತ್ರದ ಮುಂದೆ ನಿಂತೆ. ಬಿಸಿ ಜೋಳದ ಸೂಪಿನ ಡಬ್ಬಿಗೆ ನಾಣ್ಯ ಹಾಕುತ್ತಿದ್ದೆ. ಮೂರನೆಯ ನಾಣ್ಯ ಹಾಕುವಾಗ ತಲೆಯ ಮೇಲಿನ ಕಾಂಕ್ರೀಟು ಗುಡುಗಿತು.

ಅರಾಯಿ ಹೊಡೆದ ಆ ಮೊದಲ ಗೋಲನ್ನು ನಾನು ನೋಡಲಿಲ್ಲ. 74ನೇ ನಿಮಿಷ. ಡಬ್ಬಿ ಕೋಟಿನ ಜೇಬಿಗೆ ತುರುಕಿ ಮೆಟ್ಟಿಲು ಹತ್ತಿ ಓಡಿದೆ. 77ಕ್ಕೆ ತನಿಜಾವಾ. 2-2. 80ಕ್ಕೆ ಪೆನಾಲ್ಟಿ, ರೆಯ್ನಾಲ್ಡೊ ಹೊಡೆಯೋಕೆ ನಿಂತಾಗ ಅಜ್ಜಿ ಮೊಬೈಲು ಮುಚ್ಚಿ ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. 85ಕ್ಕೆ ಮತ್ತೆ ತನಿಜಾವಾ. 4-2. ಹನ್ನೊಂದು ನಿಮಿಷದಲ್ಲಿ ನಾಲ್ಕು ಗೋಲು. ಅತ್ತ ಇವಾಟಾ ಓಮಿಯಾಗೆ 0-1ರಿಂದ, ವರ್ಡಿ ಕವಾಸಾಕಿಗೆ 0-2ರಿಂದ ಸೋತಿದ್ದರು. ನಮಗೆ 38 ಪಾಯಿಂಟು, 15ನೇ ಸ್ಥಾನ. ಉಳಿದುಕೊಂಡೆವು. ಒಂದೇ ಒಂದು ಪಾಯಿಂಟಿನಲ್ಲಿ.

ರಾತ್ರಿ ಸೋಗಾ ಸ್ಟೇಷನ್ನಿನಲ್ಲಿ ರೈಲು ಕಾಯುವಾಗ ಜೇಬಿಗೆ ಕೈ ಹಾಕಿದರೆ ಆ ಡಬ್ಬಿ ಇತ್ತು, ತೆರೆದೇ ಇರಲಿಲ್ಲ, ಮಂಜುಗಡ್ಡೆಯಂತೆ ತಣ್ಣಗಾಗಿತ್ತು. ಹಾಗೇ ಕುಡಿದೆ.

ಇಲ್ಲಿಯವರೆಗಿನ ಕಥೆ ನಿಮಗೆಲ್ಲ ಬಾಯಿಪಾಠ. "ಫುಕುಆರಿಯ ಪವಾಡ" ಅಂತ ಹೆಸರೂ ಇಟ್ಟಾಗಿದೆ. ನಾನು ಬರೆಯೋಕೆ ಕೂತಿದ್ದು ಅದರ ಹಿಂದಿನ ಮತ್ತು ಮುಂದಿನ ಕಥೆಗೆ. ಅದನ್ನು ಯಾರೂ ಗ್ಲಾಸು ಎತ್ತಿ ಹೇಳಲ್ಲ.

ಹಿಂದಿನದು: ಆ ಕೊನೇ ದಿನಕ್ಕೆ ನಾವು ಬಂದು ನಿಂತದ್ದಾದರೂ ಹೇಗೆ? ನಮ್ಮ ಹಳೇ ಕೋಚ್ ಓಸಿಮ್ ಅಜ್ಜ ಬಗೆಬಗೆ ಬಣ್ಣದ ಬಿಬ್ ತೊಡಿಸಿ, ತಲೆ ತಿರುಗುವಂಥ ಅಭ್ಯಾಸ ಮಾಡಿಸಿ, ಓಡಿಸಿ ಓಡಿಸಿ ಕಟ್ಟಿದ ತಂಡ ಅದು. 2005ರಲ್ಲಿ ನಬಿಸ್ಕೊ ಕಪ್ ಗೆದ್ದಿತು. 2006ರಲ್ಲಿ ಅವರು ಜಪಾನ್ ತಂಡದ ಕೋಚ್ ಆಗಿ ಹೋದ ಮೇಲೂ, ಮಗ ಅಮರ್ ಕೈಯಲ್ಲಿ ಅದೇ ಕಪ್ ಮತ್ತೆ ಗೆದ್ದಿತು. ಆಮೇಲೆ? ಅಬೆ ಯುಕಿ ಉರಾವಾಗೆ ಹೋದ. 2007 ಮುಗಿಯುತ್ತಿದ್ದಂತೆ ಅಮರ್ ಅವರನ್ನು ತೆಗೆದಿರಿ. ಅದೇ ಚಳಿಗಾಲದಲ್ಲಿ ಮಿಜುಮೊಟೊ ಗಾಂಬಾಗೆ, ಹನ್ಯು ಎಫ್‌ಸಿ ಟೋಕಿಯೊಗೆ, ಯಾಮಾಗಿಶಿ ಕವಾಸಾಕಿಗೆ, ಸಾತೊ ಯುತೊ ಕ್ಯೋಟೊಗೆ, ಮಿಜುನೊ ದೂರದ ಸೆಲ್ಟಿಕ್‌ಗೆ. ಒಂದೇ ಸಲಕ್ಕೆ ಐದು ಜನ! ಮನೆಯ ಕಂಬಗಳನ್ನು ಒಂದೊಂದಾಗಿ ಕಿತ್ತು, ಮಳೆಗಾಲ ಬಂದಾಗ ಸೂರು ಯಾಕೆ ಬಿತ್ತು ಅಂತ ಕೇಳಿದ ಹಾಗಾಯಿತು. 2008ರಲ್ಲಿ ಮೊದಲ 11 ಪಂದ್ಯದಲ್ಲಿ ಒಂದು ಗೆಲುವೂ ಇಲ್ಲ. ಕೋಚ್ ಕುಝೆ ಹೋದರು, ಲಿವರ್‌ಪೂಲ್‌ನಿಂದ ಅಲೆಕ್ಸ್ ಮಿಲ್ಲರ್ ಬಂದರು. ಅವರು ಹೇಗೋ ಎಳೆದು ದಡಕ್ಕೆ ತಂದರು.

ಮುಂದಿನದು ಇನ್ನೂ ಕಹಿ. ದಡ ಸೇರಿದ ಖುಷಿಯಲ್ಲಿ ದೋಣಿಯ ತೂತು ಯಾರೂ ನೋಡಲಿಲ್ಲ. 2009ರಲ್ಲಿ 34 ಪಂದ್ಯದಲ್ಲಿ ಗೆದ್ದದ್ದು ಐದು. ನಡುವೆ ಮಿಲ್ಲರ್ ಅವರನ್ನೂ ತೆಗೆದಿದ್ದಾಯಿತು. 27 ಪಾಯಿಂಟು, ಎಲ್ಲರಿಗಿಂತ ಕೊನೆ. ಕೊನೇ ದಿನದ ನಾಟಕಕ್ಕೂ ಅವಕಾಶ ಸಿಗಲಿಲ್ಲ, ನವೆಂಬರಿನಲ್ಲೇ ಎಲ್ಲ ಮುಗಿದುಹೋಗಿತ್ತು. 1965ರಲ್ಲಿ ಹಳೇ ಜಪಾನ್ ಸಾಕರ್ ಲೀಗ್ ಶುರುವಾದಾಗಿನಿಂದ ಒಂದು ಸಲವೂ ಕೆಳಗೆ ಬೀಳದೇ ಇದ್ದ ಒಂದೇ ತಂಡ ನಮ್ಮದು, ಫುರುಕಾವಾ ಅನ್ನೋ ಹೆಸರಿನ ಕಾಲದಿಂದ. 44 ವರ್ಷದ ಆ ಹೆಮ್ಮೆ ಒಂದು ಸಂಜೆ ಹೋಯಿತು.

ನನ್ನ ಲೆಕ್ಕದಲ್ಲಿ 2009ರಲ್ಲಿ ನಾವು ಬಿದ್ದದ್ದು 2008ರ ಡಿಸೆಂಬರ್ 6ಕ್ಕೇ. ಹನ್ನೊಂದು ನಿಮಿಷದಲ್ಲಿ ನಾಲ್ಕು ಗೋಲು ಬಿದ್ದ ಕೂಡಲೇ, 33 ಪಂದ್ಯ ನಾವು ಹೇಗೆ ಆಡಿದ್ದೆವು ಅನ್ನೋದನ್ನು ಎಲ್ಲರೂ ಮರೆತರು. ಗ್ಯಾಲರಿಯಲ್ಲಿದ್ದ ನಾವೂ ಮರೆತೆವು, ಸುಮ್ನೆ ನಿಮ್ಮನ್ನಷ್ಟೇ ದೂರಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಓದಿ 35 ಮಾರ್ಕ್ಸ್ ತೆಗೆದ ಹುಡುಗ ಮುಂದಿನ ವರ್ಷವೂ ಹಿಂದಿನ ರಾತ್ರಿಯೇ ಪುಸ್ತಕ ತೆಗೆಯುತ್ತಾನೆ, ಅಲ್ವಾ? ನನಗೆ ಚೆನ್ನಾಗಿ ಗೊತ್ತು, ಪಿಯುಸಿಯಲ್ಲಿ ಆ ಹುಡುಗ ನಾನೇ.

ಬೇರೆಯವರ ಕಥೆ ನೋಡಿ. 1999ರ ನವೆಂಬರ್ 27, ಉರಾವಾ ರೆಡ್ಸ್. ಆಗ 90 ನಿಮಿಷದಲ್ಲಿ ಗೆದ್ದರೆ ಮೂರು ಪಾಯಿಂಟು, ಹೆಚ್ಚುವರಿ ಸಮಯದಲ್ಲಿ ಗೆದ್ದರೆ ಎರಡು. ಕೊಮಾಬಾ ಸ್ಟೇಡಿಯಮ್ಮಿನಲ್ಲಿ ಹಿರೋಶಿಮಾ ವಿರುದ್ಧ 90 ನಿಮಿಷ ಮುಗಿದಾಗ 0-0. ಅಷ್ಟಕ್ಕೇ ಅವರು ಕೆಳಗೆ ಬಿದ್ದಾಗಿತ್ತು. ಆದರೂ ನಿಯಮ ನಿಯಮವೇ, ಆಡಬೇಕು. 106ನೇ ನಿಮಿಷಕ್ಕೆ ಫುಕುದಾ ಗೋಲು ಹೊಡೆದ. ಗೆದ್ದರು. ಗೆದ್ದವನ ಮುಖದಲ್ಲಿ ನಗು ಇಲ್ಲ, ಓಡಿ ಬಂದು ತಬ್ಬಿಕೊಳ್ಳೋಕೆ ಹೋದ ಜೊತೆಗಾರನನ್ನೂ ಸರಿಸಿಬಿಟ್ಟ. ಪ್ರಪಂಚದಲ್ಲೇ ಅತಿ ದುಃಖದ ಗೋಲು ಅಂತ ಜಪಾನಿನಲ್ಲಿ ಇವತ್ತಿಗೂ ಅದನ್ನು ಕರೆಯುತ್ತಾರೆ. ಆ ದಿನ ಅವರ ತಲೆಯ ಮೇಲೆ ಕಾಲಿಟ್ಟು ಉಳಿದುಕೊಂಡವರು ಯಾರು ಅಂದುಕೊಂಡಿರಿ? ನಾವೇ, ಆಗಿನ ಜೆಫ್ ಇಚಿಹಾರಾ. ಇಬ್ಬರಿಗೂ 28 ಪಾಯಿಂಟು, ಗೋಲುಗಳ ವ್ಯತ್ಯಾಸದಲ್ಲಿ ನಾವು ಒಂದೇ ಒಂದು ಗೋಲು ಮುಂದೆ. ಬಿದ್ದ ಉರಾವಾ ಒಂದೇ ವರ್ಷದಲ್ಲಿ ಎದ್ದು ಬಂದು, 2006ರಲ್ಲಿ ಲೀಗ್ ಗೆದ್ದು, 2007ರಲ್ಲಿ ಏಷ್ಯಾದ ಚಾಂಪಿಯನ್ ಆಯಿತು. ಗಾಂಬಾ ಒಸಾಕಾ 2012ರಲ್ಲಿ ಇಡೀ ಲೀಗಿನಲ್ಲೇ ಅತಿ ಹೆಚ್ಚು, 67 ಗೋಲು ಹೊಡೆದೂ ಬಿತ್ತು. 65 ಗೋಲು ಬಿಟ್ಟುಕೊಟ್ಟರೆ ಇನ್ನೇನಾಗುತ್ತದೆ. 2014ರಲ್ಲಿ ಅವರೇ ಮೂರು ಪ್ರಶಸ್ತಿ ಗೆದ್ದರು.

ಹಾಗಂತ ಬೀಳೋದು ಔಷಧಿ ಅಂತ ನಾನು ಹೇಳಲ್ಲ. ನಾವು ಬಿದ್ದು ಒಂದು ವರ್ಷದಲ್ಲಿ ಏಳಲಿಲ್ಲ. 16 ಸೀಸನ್ ಜೆ2ರಲ್ಲಿ ಕೊಳೆತೆವು. 2012ರ ಪ್ಲೇ ಆಫ್ ಫೈನಲ್‌ನಲ್ಲಿ ಡ್ರಾ ಆಗಿದ್ದರೆ ಸಾಕಿತ್ತು, 86ನೇ ನಿಮಿಷಕ್ಕೆ ಓಯಿತಾ ಗೋಲು ಹೊಡೆಯಿತು. 2014ರ ಫೈನಲ್‌ನಲ್ಲೂ ಡ್ರಾ ಸಾಕಿತ್ತು, ಯಾಮಾಗಾತಾಗೆ 0-1. ಅದೇ ಓಯಿತಾ ಪಂದ್ಯದ ದಿನ ಸ್ಟೇಡಿಯಮ್ಮಿನಿಂದ ಹೊರಗೆ ಬರುವಾಗ ನನ್ನ ಮುಂದೆ ನಡೆಯುತ್ತಿದ್ದ ಚಿಕ್ಕ ಹುಡುಗ ಅಪ್ಪನನ್ನು, "ಜೆ1ರಲ್ಲಿ ಇದ್ದಾಗ ನಾವು ಜೋರಾಗಿದ್ವಾ?" ಅಂತ ಕೇಳಿದ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಓಡುತ್ತಿದ್ವಿ" ಅಂದರು. ಕೋಚುಗಳು ಬಂದರು, ಹೋದರು. ಒಬ್ಬರು ಡಿಫೆನ್ಸನ್ನು ಮೈದಾನದ ನಡುವಿನವರೆಗೂ ಎಳೆದು ನಿಲ್ಲಿಸಿದರು, ಇನ್ನೊಬ್ಬರು ಗೋಲಿನ ಮುಂದೆ ಗೋಡೆ ಕಟ್ಟಿದರು. ಒಬ್ಬರ ಪಾಠ ಕಲಿಯುವ ಮೊದಲೇ ಮೇಷ್ಟರು ಬದಲಾಗುತ್ತಿದ್ದರು.

ನಿಜವಾಗಿ ಕಲಿಯಬೇಕಾದ್ದು ಪಕ್ಕದ ಮನೆಯಿಂದ. ನಮ್ಮದೇ ಚಿಬಾದ ಇನ್ನೊಂದು ಕ್ಲಬ್ಬು ಕಾಶಿವಾ ರೆಯ್ಸೋಲ್‌ನ ಹೆಸರು ಬರೆಯೋಕೂ ನನಗೆ ಕೈ ಬರಲ್ಲ, ಚಿಬಾ ಡರ್ಬಿ ಅಂದ್ರೆ ಸುಮ್ನೆನಾ. ಆದರೂ ಬರೆಯುತ್ತೇನೆ. 2023ರಲ್ಲಿ ರೆಯ್ಸೋಲ್ 17ನೇ ಸ್ಥಾನ. ಆ ವರ್ಷ ಲೀಗನ್ನು 20 ತಂಡಕ್ಕೆ ಹಿಗ್ಗಿಸುತ್ತಿದ್ದರಿಂದ ಕೆಳಗೆ ಹೋಗುವವರು ಒಬ್ಬರೇ, ಹಾಗಾಗಿ ಬದುಕಿದರು. 2024ರಲ್ಲಿ ಮತ್ತೆ 17ನೇ ಸ್ಥಾನ. 18ನೆಯವರಾದ ಇವಾಟಾ ಬಿದ್ದರು, ಇವರು ಮತ್ತೆ ಕೂದಲೆಳೆಯಲ್ಲಿ ಪಾರು. ಎರಡು ಸಲ ಪಾರಾದವರು ಪವಾಡದ ಪಟ ಕಟ್ಟಿಸಿ ಗೋಡೆಗೆ ಹಾಕಿಕೊಳ್ಳಲಿಲ್ಲ. ರಿಕಾರ್ಡೊ ರೊಡ್ರಿಗೆಸ್ ಅವರನ್ನು ಕೋಚ್ ಮಾಡಿ ತಂದು, ಆಟದ ರೀತಿಯನ್ನೇ ಬುಡಸಮೇತ ಬದಲಿಸಿದರು. 2025ರಲ್ಲಿ ಚಾಂಪಿಯನ್ ಕಾಶಿಮಾಗಿಂತ ಒಂದೇ ಪಾಯಿಂಟು ಕಮ್ಮಿ, ಎರಡನೇ ಸ್ಥಾನ. ಅವರು ಪಾರಾಗಿದ್ದೂ ಕೊನೇ ಗಳಿಗೆಯಲ್ಲೇ, ನಾವು ಪಾರಾಗಿದ್ದೂ ಕೊನೇ ಗಳಿಗೆಯಲ್ಲೇ. ಮಾರನೆಯ ದಿನ ಅವರು ಕೆಲಸಕ್ಕೆ ಹೋದರು, ನಾವು ಸನ್ಮಾನಕ್ಕೆ ಹೋದೆವು.

ಈಗ ಎದುರಿಗಿರೋದು ಏನು? ಮುಂದಿನ ತಿಂಗಳು, ಫೆಬ್ರುವರಿಯಲ್ಲಿ ಶುರುವಾಗೋದು ಅಸಲಿ ಲೀಗಲ್ಲ. ಸೀಸನ್ನನ್ನು ಆಗಸ್ಟಿಗೆ ಸರಿಸೋಕೆ ನಡುವೆ ಸಿಕ್ಕಿದ ಅರ್ಧ ವರ್ಷಕ್ಕೆ ಮಾಡಿರುವ ವಿಶೇಷ ಟೂರ್ನಿ. ಡ್ರಾ ಆದರೆ ಪೆನಾಲ್ಟಿ ಶೂಟೌಟು, ಗೆದ್ದವರಿಗೆ ಎರಡು, ಸೋತವರಿಗೆ ಒಂದು. ಮುಖ್ಯ ವಿಷಯ, ಇದರಲ್ಲಿ ಯಾರೂ ಕೆಳಗೆ ಬೀಳಲ್ಲ, ಯಾರೂ ಮೇಲೆ ಏರಲ್ಲ. 17 ವರ್ಷದ ಮೇಲೆ ಜೆ1ಗೆ ಬಂದ ತಂಡಕ್ಕೆ ದೇವರೇ ಕೊಟ್ಟ ಅರ್ಧ ವರ್ಷ ಇದು. ಕಾಶಿಮಾ, ಉರಾವಾ, ಕಾಶಿವಾ, ಕವಾಸಾಕಿ, ಎಲ್ಲರ ಜೊತೆಗೂ ಆಡಿ, ಪೆಟ್ಟು ತಿಂದು, ಕಲಿಯಬಹುದು. ಸೋತರೂ ಬೀಳಲ್ಲ. ಇಂಥ ಅವಕಾಶ 2008ರ ತಂಡಕ್ಕೆ ಇರಲಿಲ್ಲ.

ಹಾಗಾಗಿ ಆಡಳಿತದವರಲ್ಲಿ ನನ್ನ ಕೋರಿಕೆ ಏನಂದ್ರೆ, ಈ ಆರು ತಿಂಗಳಲ್ಲಿ ಟೇಬಲ್ಲಿನ ಕೊನೆಯಲ್ಲಿ ನಮ್ಮ ಹೆಸರು ಕಂಡರೂ ಗಾಬರಿಯಾಗಿ ಕೊಬಾಯಾಶಿ ಅವರ ಕುರ್ಚಿ ಅಲ್ಲಾಡಿಸಬೇಡಿ. 2023ರಿಂದ ಇದ್ದಾರೆ. ನಮ್ಮ ಕ್ಲಬ್ಬಿನಲ್ಲಿ ಒಬ್ಬ ಮನುಷ್ಯ ಇಷ್ಟು ಕಾಲ ಒಂದೇ ಕುರ್ಚಿಯಲ್ಲಿ ಕೂತದ್ದೇ ಅಪರೂಪ, ಮೇಲೆ ಹತ್ತಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಯಾರೂ ನನ್ನನ್ನು ನಂಬಿಸೋಕಾಗಲ್ಲ. ಓಮಿಯಾ ವಿರುದ್ಧದ ಪ್ಲೇ ಆಫ್ ಸೆಮಿಫೈನಲ್‌ನಲ್ಲಿ ಗೋಲು ಹೊಡೆದ 17 ವರ್ಷದ ಹುಡುಗ ಹಿಮೆನೊನಂಥವರನ್ನು ಬೆಂಚಿನಲ್ಲಿ ಕೂರಿಸಿ ಚಳಿ ಕಾಯಿಸಬೇಡಿ, ಆಡಿಸಿ. ತಪ್ಪು ಮಾಡಲಿ, ತಪ್ಪಿಗೆ ಬೆಲೆ ಕಟ್ಟಬೇಕಾಗಿಲ್ಲದ ಕಾಲ ಇದೊಂದೇ. ಆಮೇಲೆ ಬೇಸಿಗೆಯಲ್ಲಿ ದೊಡ್ಡ ಕ್ಲಬ್ಬುಗಳು ಚೆಕ್ಕು ಹಿಡಿದು ಬರುತ್ತವೆ, ಬಂದೇ ಬರುತ್ತವೆ. ಒಬ್ಬನನ್ನು ಮಾರಿ, ಇಬ್ಬರನ್ನು ಮಾರಿ. ಐದು ಜನರನ್ನು ಒಟ್ಟಿಗೆ ಕಳಿಸಬೇಡಿ.

ಇನ್ನೊಂದು ಸಣ್ಣ ವಿಷಯ, ನಗಬೇಡಿ. ಆ 2008ರ ಹನ್ನೊಂದು ನಿಮಿಷದ ವಿಡಿಯೊವನ್ನು ಸ್ವಲ್ಪ ದಿನ ಯಾರಿಗೂ ತೋರಿಸಬೇಡಿ. ಹೊಸ ಆಟಗಾರರಿಗೆ ತೋರಿಸಲೇಬೇಕಂದ್ರೆ ಜೊತೆಗೆ 2009ರ ಟೇಬಲ್ಲನ್ನೂ ತೋರಿಸಿ.

ಗೆಳೆಯರೇ, ಇನ್ನು ನಿಮಗೆ, ಅಂದರೆ ನಮಗೆ. ಡಿಸೆಂಬರ್ 7ರಂದು ಓಮಿಯಾ ವಿರುದ್ಧ 0-3 ಆಗಿದ್ದು ಮತ್ತೆ 4-3 ಆಯಿತು ನೋಡಿ, ಅವತ್ತು ನಾನೂ ಕುಣಿದೆ. ಆದರೆ ಕುಣಿಯುತ್ತಲೇ ಒಂದು ಹೆದರಿಕೆ ಹೊಟ್ಟೆಯಲ್ಲಿ ತಿರುಗಿತು: ಮತ್ತೆ ಅದೇ ಚಟ. ಮೂರು ಗೋಲು ಬಿಟ್ಟುಕೊಟ್ಟು ಆಮೇಲೆ ಎಚ್ಚರ ಆಗೋದು. ಜೆ2ರಲ್ಲಿ ಅದು ನಡೆಯಿತು. ಜೆ1ರಲ್ಲಿ 0-3 ಆದ ಮೇಲೆ 0-4 ಆಗುತ್ತದೆ. 38 ಪಂದ್ಯ, 20 ತಂಡ, ಮೂರು ಬೀಳುತ್ತವೆ. ಸೆಪ್ಟೆಂಬರಿನ ಯಾವುದೋ ಬುಧವಾರ ರಾತ್ರಿ, ಟಿವಿಯವರೂ ಮರೆತ ಒಂದು 0-0 ಪಂದ್ಯದಲ್ಲಿ ಸಿಗುವ ಒಂದು ಪಾಯಿಂಟಿಗೆ ಕೊನೇ ದಿನದ ಪಾಯಿಂಟಿನಷ್ಟೇ ತೂಕ. ಆ ರಾತ್ರಿ ನಾವು ಕೂಗಬೇಕು. 85ನೇ ನಿಮಿಷಕ್ಕೆ ಎಲ್ಲರೂ ಕೂಗುತ್ತಾರೆ, ಐದನೇ ನಿಮಿಷಕ್ಕೆ ಕೂಗೋಣ.

ಇಲ್ಲಿ 'ಜಾನ್ರ್ಯೂ' ಅಂತ ಒಂದು ಮಾತಿದೆಯಲ್ಲ, ಇದ್ದಲ್ಲೇ ಉಳಿದುಕೊಳ್ಳೋದು ಅಂತ. ಪ್ರತಿ ವರ್ಷ ಸೀಸನ್ ಮುಗಿಯುವ ಹೊತ್ತಿಗೆ ಪೇಪರಿನ ತುಂಬ ಅದೇ ಪದ. ನನಗೆ ಬೇಕಾಗಿರೋದು ಪೇಪರಿನಲ್ಲಿ ಬರದ ಜಾನ್ರ್ಯೂ. 14ನೇ ಸ್ಥಾನ, 13ನೇ ಸ್ಥಾನ, ಯಾರಿಗೂ ನೆನಪಿರದಂಥದ್ದು. ಕೊನೇ ದಿನ ಪಕ್ಕದ ಸೀಟಿನವರು ಮೊಬೈಲು ತೆಗೆಯದೇ, ಮಕ್ಕಳ ಮಾರ್ಕ್ಸಿನ ಬಗ್ಗೆಯೋ ಸಾಸೇಜಿನ ಕ್ಯೂ ಎಷ್ಟುದ್ದ ಇತ್ತು ಅನ್ನೋದರ ಬಗ್ಗೆಯೋ ಮಾತಾಡಿಕೊಂಡು ಕೂತಿರುವಂಥ ಪಂದ್ಯ.

ಅಂದ ಹಾಗೆ, ಹೊಸ ಕ್ಯಾಲೆಂಡರಿನಲ್ಲಿ ಲೀಗು ಮುಗಿಯೋದು ಡಿಸೆಂಬರಿನ ಚಳಿಯಲ್ಲಲ್ಲ, 2027ರ ಮಳೆಗಾಲದ ಹೊಸ್ತಿಲಲ್ಲಿ. ಆ ಹೊತ್ತಿಗೆ ಫುಕುಆರಿಯ ಮೆಟ್ಟಿಲ ಕೆಳಗಿನ ಯಂತ್ರದಲ್ಲಿ ಬಿಸಿ ಜೋಳದ ಸೂಪು ಇರಲ್ಲ, ಬೇಸಿಗೆ ಬಂತಂದ್ರೆ ಆ ಸಾಲು ಪೂರ್ತಿ ತೆಗೆದು ತಣ್ಣನೆ ಟೀ ತುಂಬಿರುತ್ತಾರೆ. ಆದ್ದರಿಂದ ಎದ್ದು ಹೋಗೋಕೆ ನನಗೆ ನೆಪವೂ ಇಲ್ಲ, ಸೀಟಿನಲ್ಲೇ ಇರುತ್ತೇನೆ.

ಇಂತಿ,
ಗೋಲಿನ ಹಿಂದಿನ ಎಡಗಡೆ ಮೂಲೆಯಲ್ಲಿ ನಿಲ್ಲುವ ಕನ್ನಡದವನು
ಚಿಬಾ, ಜನವರಿ 2026